ಕಲ್ಪವೃಕ್ಷ ಬಾಡಿದಾಗ ಹುಟ್ಟಿದ ತಾಯಿ

ಶಿಗ್ಗಾವಿ ತಾಲೂಕಿನ ಬಂಕಾಪುರ ಎಂದರೆ ಇಂದು ಜನಕ್ಕೆ ನೆನಪಾಗುವುದು ಕೋಟೆ, ನಗರೇಶ್ವರ ಗುಡಿಯ ಕಂಬಗಳು, ನವಿಲುಧಾಮ. ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ರಾಷ್ಟ್ರಕೂಟರ ಸಾಮಂತ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದ ಕಾಲಕ್ಕೆ ಈ ಊರಿನಲ್ಲಿ ಒಂದು ಗ್ರಂಥಕ್ಕೆ ಪೂಜೆ ಸಂದಿತು. ಜಿನಸೇನರು ಮೊದಲು ಮಾಡಿ ಅವರ ಶಿಷ್ಯ ಗುಣಭದ್ರರು ಮುಂದುವರಿಸಿದ ಸಂಸ್ಕೃತ ಮಹಾಪುರಾಣ ಅದು. ಅದರ ಮೊದಲ ಭಾಗವನ್ನೇ ತಳಹದಿಯಾಗಿಟ್ಟುಕೊಂಡು ಪಂಪ 941ರಲ್ಲಿ ಆದಿಪುರಾಣ ಬರೆದ. ಆ ಪುರಾಣದಲ್ಲಿ ಬದಲಾಗುವ ಕಾಲಕ್ಕೆ ತಕ್ಕಂತೆ ಜನಕ್ಕೆ ದಾರಿ ತೋರಿದ ಹದಿನಾಲ್ಕು ಕುಲಕರರ ಕಥೆ ಬರುತ್ತದೆ. ಎಂಟನೆಯ ಕುಲಕರ ಚಕ್ಷುಷ್ಮಂತನ ಕಾಲಕ್ಕೆ ಗಂಡಹೆಂಡಿರು ಅವನ ಬಳಿಗೆ ಹೆದರಿ ಓಡಿ ಬರುತ್ತಾರೆ. ಅವರನ್ನು ಹೆದರಿಸಿದ್ದು ಹುಲಿಯಲ್ಲ, ಸಿಡಿಲಲ್ಲ, ಆಗತಾನೆ ಹುಟ್ಟಿದ ತಮ್ಮದೇ ಮಕ್ಕಳ ಮುಖ. ಅಲ್ಲಿಯವರೆಗೆ ಆ ಕುಲದಲ್ಲಿ ಯಾರೂ ತಮ್ಮ ಮಕ್ಕಳನ್ನು ಕಂಡಿರಲಿಲ್ಲ. ಮಾಯಾಶಕ್ತಿ ಒಂದು ಕುಲದ ದೇಹವನ್ನೂ ಅದರ ಗಂಡು-ಹೆಣ್ಣಿನ ಕಟ್ಟುಪಾಡನ್ನೂ ಹೇಗೆ ರೂಪಿಸುತ್ತದೆ ಎಂಬುದು ಇಂದಿನ ಅದ್ಭುತ ಕಾದಂಬರಿಗಳ ಓದುಗರು ಕೇಳಿಕೊಳ್ಳುವ ಪ್ರಶ್ನೆ. ಕನ್ನಡದ ಕಾವ್ಯಲೋಕ ಈ ಪ್ರಶ್ನೆಯನ್ನು ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡು, ಒಂದಲ್ಲ ನಾಲ್ಕೈದು ಬಗೆಯಾಗಿ ಬಿಡಿಸಿ ನೋಡಿದೆ. ಆ ಉತ್ತರಗಳನ್ನು ಒಟ್ಟಿಗಿಟ್ಟು ತೂಗಿದರೆ ಒಂದು ಮಾತು ಹೊಳೆಯುತ್ತದೆ: ಮಾಯೆ ದೇಹವನ್ನು ಎಷ್ಟು ಬದಲಿಸಿತು ಎಂಬುದಕ್ಕಿಂತ, ಅದು ಯಾವ ದುಡಿಮೆಯನ್ನು ತಾನು ಹೊತ್ತು ಯಾವುದನ್ನು ಹೊರದೆ ಬಿಟ್ಟಿತು ಎಂಬುದೇ ಗಂಡು-ಹೆಣ್ಣಿನ ಪಾತ್ರಗಳನ್ನು ನಿರ್ಧರಿಸುತ್ತದೆ.

ಮೊದಲು ಭೋಗಭೂಮಿಯ, ಎಂದರೆ ದುಡಿಯದೆಯೇ ಎಲ್ಲವೂ ಸಿಗುತ್ತಿದ್ದ ಆ ಹಳೆಯ ಲೋಕದ, ದೇಹವನ್ನು ನೋಡೋಣ. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿವೆ. ಅನ್ನ, ಪಾನ, ಬಟ್ಟೆ, ಒಡವೆ, ಮನೆ, ಪಾತ್ರೆ, ದೀಪ, ವಾದ್ಯ, ಎಲ್ಲವೂ ಆ ಮರಗಳಿಂದಲೇ. ಮಕ್ಕಳು ಜೋಡಿಯಾಗಿ ಹುಟ್ಟುತ್ತವೆ, ಒಂದು ಗಂಡು, ಒಂದು ಹೆಣ್ಣು. ಅವು ಹುಟ್ಟಿದ ಗಳಿಗೆಯಲ್ಲೇ ತಂದೆ ಒಂದು ಸೀನಿಗೆ, ತಾಯಿ ಒಂದು ಆಕಳಿಕೆಗೆ ಜೀವ ಬಿಡುತ್ತಾರೆ. ದೇಹಗಳು ಶರತ್ಕಾಲದ ಮೋಡದಂತೆ ಕರಗಿ ಹೋಗುತ್ತವೆ. ಕೂಸುಗಳು ತಮ್ಮ ಹೆಬ್ಬೆರಳನ್ನೇ ಚೀಪುತ್ತ ಕೆಲವೇ ವಾರಗಳಲ್ಲಿ ಹರೆಯಕ್ಕೆ ಬರುತ್ತವೆ. ಅಲ್ಲಿ ಬಾಣಂತನವಿಲ್ಲ, ಮೊಲೆಹಾಲಿಲ್ಲ, ತೊಟ್ಟಿಲಿಲ್ಲ, ಮುಪ್ಪಿನ ಆರೈಕೆಯಿಲ್ಲ, ಹೆಣ ಹೊರುವ ಕೆಲಸವೂ ಇಲ್ಲ. ಗಂಡು ಹೆಣ್ಣನ್ನು ‘ಆರ್ಯೆ’ ಎಂದೂ ಹೆಣ್ಣು ಗಂಡನ್ನು ‘ಆರ್ಯ’ ಎಂದೂ ಕರೆಯುತ್ತಾರೆ, ಇಬ್ಬರ ಸಂಬೋಧನೆಗೂ ಒಂದೇ ತೂಕ. ಅರಸನಿಲ್ಲ, ಆಳಿಲ್ಲ, ಆಸ್ತಿಯ ಪಾಲಿಲ್ಲ. ಕುಲದ ಗೋಜಿಲ್ಲ, ಹಾಗಾಗಿ ಕನ್ಯಾದಾನದ ಮಾತೂ ಏಳುವುದಿಲ್ಲ. ಇಲ್ಲಿ ಗಮನಿಸಬೇಕಾದ್ದೆಂದರೆ ಗಂಡು-ಹೆಣ್ಣಿನ ದೇಹಭೇದ ಪೂರ್ತಿಯಾಗಿ ಉಳಿದಿದೆ, ಕೂಡಿಕೆಯೂ ಇದೆ, ಬಸಿರೂ ಇದೆ. ಆದರೆ ಆ ಭೇದದ ಮೇಲೆ ಕಟ್ಟಿದ ಕೆಲಸದ ಹಂಚಿಕೆ ಒಂದೂ ಇಲ್ಲ. ಹೆಣ್ಣಿನ ದೇಹವಿದ್ದ ಮಾತ್ರಕ್ಕೆ ಹೆಣ್ಣಿನ ಪಾತ್ರ ತಾನಾಗಿ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಕಲ್ಪನೆ ಸಿಗುವುದು ಕಷ್ಟ.

ಆಮೇಲೆ ಮರಗಳ ಶಕ್ತಿ ಕುಂದುತ್ತದೆ. ಆ ಕುಂದುವಿಕೆಯನ್ನು ಪುರಾಣ ಒಂದೇ ಏಟಿಗೆ ಮುಗಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಎಂಟನೆಯ ಕುಲಕರನ ಕಾಲದಲ್ಲಿ ತಂದೆತಾಯಿ ಮಕ್ಕಳ ಮುಖವನ್ನು ಒಂದು ಕ್ಷಣ ಕಾಣುತ್ತಾರೆ. ಒಂಬತ್ತನೆಯವನ ಕಾಲಕ್ಕೆ ಹರಸುವಷ್ಟು ಹೊತ್ತು ಬದುಕುತ್ತಾರೆ. ಹತ್ತನೆಯ ಅಭಿಚಂದ್ರನ ಕಾಲಕ್ಕೆ ಮಕ್ಕಳನ್ನೆತ್ತಿಕೊಂಡು ಚಂದ್ರನನ್ನು ತೋರಿಸಿ ಆಡಿಸುತ್ತಾರೆ. ಹದಿಮೂರನೆಯ ಪ್ರಸೇನಜಿತನ ಕಾಲದಲ್ಲಿ ಕೂಸುಗಳು ಮಾಸಿನ ಪೊರೆ ಸುತ್ತಿಕೊಂಡು ಹುಟ್ಟತೊಡಗುತ್ತವೆ. ಹದಿನಾಲ್ಕನೆಯವನ ಕಾಲದಲ್ಲಿ ಹೊಕ್ಕುಳಬಳ್ಳಿ ಕಾಣಿಸಿಕೊಳ್ಳುತ್ತದೆ. ಅದನ್ನು ಕೊಯ್ಯುವುದನ್ನು ಕಲಿಸಿದ್ದಕ್ಕೇ ಅವನಿಗೆ ನಾಭಿರಾಜನೆಂಬ ಹೆಸರು. ಅವನ ಮಗ ವೃಷಭನ ಕಾಲಕ್ಕೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ಕಸುಬುಗಳು ಬರುತ್ತವೆ, ಅವುಗಳ ಬೆನ್ನಿಗೇ ವರ್ಣಗಳು, ಮದುವೆಯ ವಿಧಿ, ಅರಸೊತ್ತಿಗೆ. ದೇಹದ ಬದಲಾವಣೆಯೂ ದುಡಿಮೆಯ ಬದಲಾವಣೆಯೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ. ತಾಯ್ತನ ಎಂಬುದು ಸೃಷ್ಟಿಯ ಮೊದಲ ದಿನದಿಂದ ಇದ್ದ ಗುಣವಲ್ಲ. ಮರ ಮಾಡುತ್ತಿದ್ದ ಕೆಲಸ ಮನುಷ್ಯರ ಮೇಲೆ ಬಿದ್ದಾಗ ಹುಟ್ಟಿಕೊಂಡ ಹೊಣೆ. ಕಲ್ಪವೃಕ್ಷ ಬಾಡಿದಾಗಲೇ ತಾಯಿ ಹುಟ್ಟಿದಳು.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು. ಇದು ಧರ್ಮಗ್ರಂಥ, ಶ್ರದ್ಧೆಯ ವಿಷಯ. ಕಟ್ಟುಕಥೆಯ ಕುಲಗಳ ಸಾಲಿನಲ್ಲಿ ಇದನ್ನು ನಿಲ್ಲಿಸುವುದು ಸರಿಯೇ? ಭೋಗಭೂಮಿ ಪುಣ್ಯದ ಫಲ, ಮಂತ್ರದ ಫಲವಲ್ಲ ಎಂದೂ ಹೇಳಬಹುದು. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಇಲ್ಲಿ ತೂಗುತ್ತಿರುವುದು ಶ್ರದ್ಧೆಯ ಸತ್ಯಾಸತ್ಯವನ್ನಲ್ಲ, ಒಂದು ಲೋಕವನ್ನು ಕಟ್ಟುವಾಗ ಕವಿ ಪಾಲಿಸಿದ ನಿಯಮವನ್ನು. ಕಾರಣವನ್ನು ಪುಣ್ಯವೆನ್ನಿ, ವಿದ್ಯೆಯೆನ್ನಿ, ಶಾಪವೆನ್ನಿ, ಮಾನುಷ ದುಡಿಮೆಯಿಲ್ಲದೆ ಫಲ ಕೈಗೆ ಬರುವುದೇ ಮಾಯೆಯ ಲಕ್ಷಣ. ಆ ಅರ್ಥದಲ್ಲಿ ಕಲ್ಪವೃಕ್ಷವೂ ಮಂತ್ರದಂಡವೂ ಒಂದೇ ಜಾತಿ. ಜೈನ ಕವಿಗಳಲ್ಲಿ ನಿಯಮನಿಷ್ಠೆ ಎಷ್ಟು ಬಿಗಿಯೆಂದರೆ ಆಯಸ್ಸು, ಎತ್ತರ, ಊಟದ ಅಂತರ ಎಲ್ಲಕ್ಕೂ ಲೆಕ್ಕ ಕೊಡುತ್ತಾರೆ. ಹಾಗೆ ಲೆಕ್ಕ ಕೊಟ್ಟಿರುವುದರಿಂದಲೇ ಅವರ ಲೋಕಗಳನ್ನು ಒಂದಕ್ಕೊಂದು ಹೋಲಿಸಿ ಪರೀಕ್ಷಿಸಲು ಬರುತ್ತದೆ.

ಹೋಲಿಕೆಗೆ ಮೊದಲು ಸಿಗುವವರು ವಿದ್ಯಾಧರರು. ಮಾಯೆಯೇ ಹೆಸರಾದ ಕುಲ ಇದು. ನಾಗರಾಜ ಧರಣೇಂದ್ರ ನಮಿ, ವಿನಮಿ ಎಂಬ ಅರಸುಮಕ್ಕಳಿಗೆ ವಿಜಯಾರ್ಧ ಪರ್ವತವನ್ನೂ ವಿದ್ಯೆಗಳನ್ನೂ ಕೊಟ್ಟಲ್ಲಿಂದ ಇವರ ಕಥೆ ಶುರು. ತೆಂಕಣ ಸಾಲಿನಲ್ಲಿ ಐವತ್ತು, ಬಡಗಣ ಸಾಲಿನಲ್ಲಿ ಅರವತ್ತು ಪಟ್ಟಣಗಳು. ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ರಾವಣ ಹತ್ತು ತಲೆಯ ರಕ್ಕಸನಲ್ಲ, ವಿದ್ಯಾಧರ. ವಾನರರು ಕಪಿಗಳಲ್ಲ, ಕಪಿಧ್ವಜದ ವಿದ್ಯಾಧರರು. ದೇಹದ ವಿಕಾರವನ್ನೆಲ್ಲ ಅಳಿಸಿ ಶಕ್ತಿಯನ್ನು ವಿದ್ಯೆಗೆ ಒಪ್ಪಿಸಿದ ಕಲ್ಪನೆ ಇದು. ಮೂಡುಬಿದಿರೆಯ ಬಸದಿಯಲ್ಲಿ ತಾಡವೋಲೆಗಳಾಗಿ ಉಳಿದುಬಂದ ಧವಲಾ ಟೀಕೆ ವಿದ್ಯೆಗಳನ್ನು ಮೂರಾಗಿ ವಿಂಗಡಿಸುತ್ತದೆ: ತಾಯಿಯ ಕಡೆಯಿಂದ ಬಂದದ್ದು ಜಾತಿವಿದ್ಯೆ, ತಂದೆಯ ಕಡೆಯಿಂದ ಬಂದದ್ದು ಕುಲವಿದ್ಯೆ, ಉಪವಾಸಾದಿಗಳಿಂದ ಸಾಧಿಸಿದ್ದು ತಪೋವಿದ್ಯೆ. ಮಾಯಾಶಕ್ತಿಯನ್ನು ಅನುವಂಶೀಯ ಗುಣದಂತೆ ಕಂಡು, ಅದರಲ್ಲಿ ತಾಯಿಯ ಪಾಲನ್ನು ಬೇರೆ ಹೆಸರಿಟ್ಟು ಗುರುತಿಸಿದ್ದು ಸಣ್ಣ ಸಂಗತಿಯಲ್ಲ. ವಿದ್ಯಾಧರಿಯರೂ ಹಾರುತ್ತಾರೆ, ದೂರದ್ದನ್ನು ಕಾಣುತ್ತಾರೆ. ಹಾಗಾದರೆ ಈ ಕುಲದಲ್ಲಿ ಹೆಣ್ಣಿನ ಸ್ಥಾನ ಬೇರೆಯಾಗಿರಬೇಕಲ್ಲವೇ?

ಇಲ್ಲ ಎಂಬುದಕ್ಕೆ ಅಂಜನೆಯೇ ಸಾಕ್ಷಿ. ಶಿಶುಮಾಯಣ ಸಾಂಗತ್ಯದಲ್ಲಿ ಹೇಳಿದ ಅಂಜನಾಚರಿತೆಯ ನಾಯಕಿ ಅವಳು, ಹನುಮಂತನ ತಾಯಿ, ವಿದ್ಯಾಧರರ ಮನೆಯ ಮಗಳು ಮತ್ತು ಸೊಸೆ. ವರ್ಷಗಟ್ಟಲೆ ಅವಳನ್ನು ದೂರವಿಟ್ಟಿದ್ದ ಗಂಡ ಪವನಂಜಯ ಯುದ್ಧಕ್ಕೆ ಹೊರಟ ದಾರಿಯಲ್ಲಿ ಮನಸ್ಸು ಕರಗಿ, ಒಂದು ರಾತ್ರಿ ಆಕಾಶಮಾರ್ಗದಲ್ಲಿ ಬಂದು ಅವಳನ್ನು ಕೂಡಿ, ಯಾರಿಗೂ ಕಾಣದಂತೆ ಮರಳುತ್ತಾನೆ. ಅವಳು ಬಸಿರಾದಾಗ ಅತ್ತೆ ಕೇತುಮತಿ ನಂಬುವುದಿಲ್ಲ, ಹೊರಗೆ ಹಾಕುತ್ತಾಳೆ. ತವರೂ ಬಾಗಿಲು ಮುಚ್ಚುತ್ತದೆ. ಇಲ್ಲಿ ಮಾಯೆ ಏನು ಮಾಡಿತು? ಗಂಡನಿಗೆ ಗುಟ್ಟಾಗಿ ಬರುವ ಅನುಕೂಲ ಕೊಟ್ಟಿತು, ಆ ಗುಟ್ಟಿನ ಭಾರವನ್ನು ಹೆಂಡತಿಯ ಹೊಟ್ಟೆಗೆ ಬಿಟ್ಟಿತು. ಭಾಸ್ಕರನ ಜೀವಂಧರ ಚರಿತೆ 1424ರದ್ದು. ಅದು ಹೇಳುವ ಕಥೆಯ ವಿದ್ಯಾಧರ ಕನ್ಯೆ ಗಂಧರ್ವದತ್ತೆ ದೂರದಲ್ಲಿರುವ ಗಂಡನ ಸುಳಿವನ್ನು ವಿದ್ಯೆಯಿಂದ ತಿಳಿಯಬಲ್ಲಳು, ಮೈದುನ ನಂದಾಢ್ಯನನ್ನು ಅಲ್ಲಿಗೆ ಕಳಿಸಬಲ್ಲಳು. ಆದರೂ ಅವಳ ಶಕ್ತಿಯೆಲ್ಲ ಕಾದು ಕುಳಿತ ಹೆಂಡತಿಯ ಶಕ್ತಿಯೇ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ಇದೇ ಗಂಟನ್ನು ಜನಪದ ಕಥೆಯಿಂದ ಎತ್ತಿಕೊಂಡಿದೆ. ನಾಗ ಗಂಡನ ರೂಪದಲ್ಲಿ ಬಂದು ಹೋದದ್ದಕ್ಕೆ ಪಂಚರ ಮುಂದೆ ಹಾವು ಹಿಡಿಯಬೇಕಾದವಳು ರಾಣಿ ಎಂಬ ಹೆಸರಿನ ಹೆಂಡತಿ. ವಿದ್ಯಾಧರರಿಗೆ ಮರಗಳು ಉಣಿಸುವುದಿಲ್ಲ. ಅವರಲ್ಲಿ ರಾಜ್ಯವಿದೆ, ವಾರಸುದಾರಿಕೆಯಿದೆ, ಮಗ ಯಾರವನೆಂಬ ಪ್ರಶ್ನೆಯಿದೆ. ಮಾಯೆ ಆ ವ್ಯವಸ್ಥೆಯನ್ನು ಮುಟ್ಟಲಿಲ್ಲ, ಅದಕ್ಕೊಂದು ರೆಕ್ಕೆ ಕಟ್ಟಿತು ಅಷ್ಟೆ.

ನನ್ನ ವಾದಕ್ಕೆ ನಿಜವಾದ ಸವಾಲು ಬರುವುದು ಸ್ವರ್ಗದಿಂದ. ಜೈನರ ದೇವಲೋಕದಲ್ಲಿ ಗರ್ಭವೇ ಇಲ್ಲ. ದೇವತೆಗಳು ಉಪಪಾದ ಶಯ್ಯೆಯ ಮೇಲೆ ಹರೆಯದವರಾಗಿಯೇ ಎದ್ದು ಕೂಡುತ್ತಾರೆ. ಉಳುವುದಿಲ್ಲ, ಅಡುವುದಿಲ್ಲ, ಹೆರುವುದಿಲ್ಲ. ಕಲ್ಪಗಳೆಂಬ ಸ್ವರ್ಗಗಳಲ್ಲಿ ಕೆಳಗಿನ ಎರಡರಲ್ಲಿ ಮನುಷ್ಯರಂತೆ ಕೂಡಿಕೆ, ಮೇಲೇರಿದಂತೆ ಬರೀ ಸ್ಪರ್ಶ, ಬರೀ ನೋಟ, ಬರೀ ದನಿ, ಕೊನೆಗೆ ಬರೀ ನೆನಹು ಸಾಕಾಗುತ್ತದೆ ಎಂದು ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ದುಡಿಮೆಯೂ ಇಲ್ಲ, ಬಸಿರೂ ಇಲ್ಲ. ಆದರೂ ಅಲ್ಲಿ ದೇವಿಯರು ಇಂದ್ರನ ಪರಿವಾರದ ಭಾಗವೇ. ಹಾಗಾದರೆ ದುಡಿಮೆಗೂ ಲಿಂಗಪಾತ್ರಕ್ಕೂ ನಾನು ಹಾಕಿದ ನಂಟು ಕಳಚಿತೇ? ಅದೇ ಅಧ್ಯಾಯವನ್ನು ಇನ್ನೊಮ್ಮೆ ಓದಿದರೆ ಉತ್ತರ ಸಿಗುತ್ತದೆ. ಕಲ್ಪಗಳಲ್ಲಿ ದೇವತೆಗಳು ಹತ್ತು ದರ್ಜೆಯವರು. ಕೊನೆಯ ಎರಡು ದರ್ಜೆ ಆಭಿಯೋಗ್ಯರು ಮತ್ತು ಕಿಲ್ಬಿಷಿಕರು. ಆಭಿಯೋಗ್ಯರೆಂದರೆ ಆಳುಗಳು, ವಾಹನವಾಗಿ ಬೆನ್ನೊಡ್ಡುವವರು. ಇಂದ್ರನ ಐರಾವತವೂ ಆನೆಯ ರೂಪ ತಳೆದ ಒಬ್ಬ ಆಳುದೇವನೇ. ಕಿಲ್ಬಿಷಿಕರು ಊರ ಹೊರಗಿನವರಂತೆ ಅಂಚಿಗಿರಬೇಕಾದವರು. ಅನ್ನದ ದುಡಿಮೆ ಹೋಯಿತು, ಊಳಿಗದ ದುಡಿಮೆ ಉಳಿಯಿತು. ಊಳಿಗ ಉಳಿದಲ್ಲಿ ದೇವಿಯೂ ಪರಿವಾರವಾಗಿಯೇ ಉಳಿದಳು. ಕಲ್ಪಗಳನ್ನು ದಾಟಿ ಗ್ರೈವೇಯಕಗಳಿಗೆ ಏರಿದರೆ ಎಲ್ಲರೂ ಅಹಮಿಂದ್ರರು. ಯಾರೂ ಯಾರಿಗೂ ಆಳಲ್ಲ, ಅಲ್ಲಿ ದೇವಿಯರೂ ಇಲ್ಲ.

ಆ ಕೊನೆಯ ಮಾತಿನಲ್ಲಿ ಒಂದು ಮುಳ್ಳಿದೆ. ಅಹಮಿಂದ್ರರ ಸಮಾನತೆ ಹೆಣ್ಣನ್ನು ಕೈಬಿಟ್ಟು ಪಡೆದ ಸಮಾನತೆ. ಆದಿಪುರಾಣದ ಶ್ರೀಮತಿಯ ಪಯಣವೂ ಇದನ್ನೇ ಹೇಳುತ್ತದೆ. ಗಂಡ ವಜ್ರಜಂಘನೊಡನೆ ಸೆಜ್ಜೆಮನೆಯಲ್ಲಿ ಧೂಪದ ಹೊಗೆಗೆ ಉಸಿರುಕಟ್ಟಿ ಸತ್ತ ಅವಳು ಭೋಗಭೂಮಿಯಲ್ಲಿ ಅವನ ಜೋಡಿಯಾಗಿ ಹುಟ್ಟುತ್ತಾಳೆ. ಅಲ್ಲಿ ಸಮ್ಯಕ್ತ್ವ, ಎಂದರೆ ಸರಿಯಾದ ಶ್ರದ್ಧೆ, ಪಡೆದ ಮೇಲೆ ಮತ್ತೆ ಹೆಣ್ಣಾಗುವುದಿಲ್ಲ. ದೇವನಾಗಿ, ಅರಸುಮಗನಾಗಿ ಏರುತ್ತ ಕೊನೆಗೆ ವೃಷಭನಾಥನಿಗೆ ಕಬ್ಬಿನ ಹಾಲು ನೀಡಿದ ಶ್ರೇಯಾಂಸನಾಗುತ್ತಾಳೆ. ಪ್ರೇಮಕಥೆಯಾಗಿ ಓದಿದರೆ ಜನ್ಮಾಂತರದ ಗೆಳೆತನ. ಲಿಂಗದ ಕಥೆಯಾಗಿ ಓದಿದರೆ ಹೆಣ್ಣುದೇಹ ದಾಟಿ ಹೋಗಬೇಕಾದ ಮೆಟ್ಟಿಲು. ಹಳೆಯ ಕವಿಗಳನ್ನಷ್ಟೇ ಇದಕ್ಕೆ ದೂರುವಂತಿಲ್ಲ. ಉರ್ಸುಲಾ ಲೆ ಗ್ವಿನ್ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯಲ್ಲಿ ತಿಂಗಳಿಗೆ ಕೆಲವೇ ದಿನ ಗಂಡೋ ಹೆಣ್ಣೋ ಆಗಿ ಉಳಿದ ದಿನ ಎರಡೂ ಅಲ್ಲದ ಕುಲವೊಂದನ್ನು ಕಟ್ಟಿದರು. ಅಲ್ಲಿ ಯಾರಾದರೂ ಬಸಿರಾಗಬಹುದು, ಆದ್ದರಿಂದ ಯಾರೂ ಬಸಿರಿಗೆ ಕಟ್ಟುಬಿದ್ದವರಲ್ಲ. ಅಂಥ ಲೇಖಕಿಯೂ ಎಲ್ಲರನ್ನೂ ‘ಅವನು’ ಎಂದೇ ಕರೆದು, ಅದು ತಪ್ಪಾಯಿತೆಂದು ಮುಂದೆ ಒಪ್ಪಿಕೊಂಡರು. ಲಿಂಗವನ್ನು ಅಳಿಸಹೊರಟ ಕಲ್ಪನೆ ಎಚ್ಚರ ತಪ್ಪಿದರೆ ಅಳಿಸುವುದು ಹೆಣ್ಣನ್ನು ಮಾತ್ರ.

ಗಂಡನ್ನು ಅಳಿಸಿದ ಕಲ್ಪನೆಯೂ ಉಂಟು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ಪಾರ್ವತಿಯ ಶಾಪವಿದ್ದ ಕೊಳಕ್ಕಿಳಿದು ಹೆಣ್ಣುಕುದುರೆಯಾಗುತ್ತದೆ, ಮುಂದಿನ ಕೊಳದಲ್ಲಿ ಹುಲಿಯಾಗುತ್ತದೆ, ಕೃಷ್ಣನ ದಯೆಯಿಂದ ಮೊದಲಿನ ರೂಪ ಪಡೆದು ಪ್ರಮೀಳೆಯ ಸ್ತ್ರೀರಾಜ್ಯ ಹೊಗುತ್ತದೆ. ಅಲ್ಲಿಗೆ ಬಂದು ನಿಂತ ಗಂಡಸು ಹೆಚ್ಚು ಕಾಲ ಬದುಕುವುದಿಲ್ಲ. ಆಳುವವರು, ಕಾಯುವವರು, ಕಾದುವವರು ಎಲ್ಲರೂ ಹೆಂಗಸರೇ. ದೇಹದ ನಿಯಮವನ್ನು ಇಷ್ಟು ತಿರುಗಿಸಿದ ಮೇಲೂ ಕಥೆ ಮುಗಿಯುವುದು ಅರ್ಜುನ ಪ್ರಮೀಳೆಯರ ಮದುವೆಯ ಒಪ್ಪಂದದಲ್ಲಿ; ಪ್ರಮೀಳೆ ಹಸ್ತಿನಾವತಿಯ ದಾರಿ ಹಿಡಿಯುತ್ತಾಳೆ. ಯಕ್ಷಗಾನದ ಪ್ರಮೀಳಾರ್ಜುನ ಪ್ರಸಂಗದಲ್ಲಿ ರಂಗ ತುಂಬುವುದು ಅವಳ ವೀರ. ಕಥೆಯನ್ನು ನಡೆಸುವುದು ಅವನ ಕುದುರೆ. ಸ್ತ್ರೀರಾಜ್ಯದಲ್ಲಿ ಯಾರು ಉಳುತ್ತಾರೆ, ಯಾರು ಕೂಸು ಸಾಕುತ್ತಾರೆ ಎಂಬುದು ಕವಿಯ ಚಿಂತೆಯಲ್ಲ. ಆ ಚಿಂತೆ ಇಲ್ಲದ್ದರಿಂದಲೇ ಆ ರಾಜ್ಯ ಅರ್ಜುನನ ದಾರಿಯ ಒಂದು ತಂಗುದಾಣವಾಗಿ ಉಳಿಯಿತು.

ಹಾನಗಲ್ಲಿನವರಿಗೆ ಇನ್ನೊಂದು ಸಾಕ್ಷಿ ಮನೆಯಂಗಳದಲ್ಲೇ ಇದೆ. ತಮ್ಮೂರೇ ವಿರಾಟನಗರಿ ಎಂಬುದು ಅಲ್ಲಿನ ಬಹುಕಾಲದ ನಂಬಿಕೆ. ಊರ್ವಶಿಯ ಶಾಪದಿಂದ ಗಂಡುತನ ಕಳೆದುಕೊಂಡ ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ಕುಣಿತ ಕಲಿಸಿದ್ದು ಆ ಅರಮನೆಯಲ್ಲಿ. ಅದೇ ವರ್ಷ, ಅದೇ ಅರಮನೆಯಲ್ಲಿ ದ್ರೌಪದಿ ಸೈರಂಧ್ರಿಯಾಗಿ ರಾಣಿಯ ಜಡೆ ಹೆಣೆದಳು, ಕೀಚಕನ ಕಾಲೊದೆ ತಿಂದಳು. ಒಬ್ಬನ ದೇಹವನ್ನು ಮಾಯೆ ಮುಟ್ಟಿದೆ, ಇನ್ನೊಬ್ಬಳದನ್ನು ಮುಟ್ಟಿಲ್ಲ. ಆದರೆ ಮಾಯೆ ಮುಟ್ಟಿದ ಅರ್ಜುನನಿಗೆ ಅದು ಒಂದು ವರ್ಷದ ಗಡುವಿನ ವೇಷ. ಕೌರವರು ಗೋವು ಹಿಡಿದ ದಿನ ಬನ್ನಿಮರದಿಂದ ಗಾಂಡೀವ ಇಳಿಸಿದರೆ ಮುಗಿಯಿತು. ದ್ರೌಪದಿಗೆ ಬನ್ನಿಮರದಲ್ಲಿ ಇಟ್ಟು ಬಂದದ್ದೇನೂ ಇಲ್ಲ. ದೇಹ ಬದಲಾದರೆ ಪಾತ್ರ ಬದಲಾಗುತ್ತದೆ ಎನ್ನುವವರಿಗೆ ಈ ಜೋಡಿ ಉತ್ತರ ಕೊಡುತ್ತದೆ. ಬೃಹನ್ನಳೆಯ ದೇಹ ಬದಲಾಗಿಯೂ ಅವನ ಹಕ್ಕು ಮರದ ಮೇಲೆ ಭದ್ರವಾಗಿತ್ತು.

ಇಷ್ಟೆಲ್ಲ ಪುರಾಣದ ಮಾತು ಇಂದಿನ ಓದುಗರಿಗೆ ಏಕೆ ಎಂಬುದು ಕೊನೆಯ ಆಕ್ಷೇಪ. ಉತ್ತರ ಹೊಲದಲ್ಲಿದೆ. ಭಾದ್ರಪದದಲ್ಲಿ ಬಂಕಾಪುರ, ಹಾನಗಲ್ಲಿನ ಈ ಸೀಮೆಯ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಏಳು ದಿನದ ಬಾಳು, ತುಟಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು, ಮಳೆ ಬೆಳೆ ತರುವ ಗಂಡು. ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆ ತಿರುಗಿ ಹಾಡುವವರು ಹೆಣ್ಣುಮಕ್ಕಳು; ಗಂಡಿನ ಫಲಶಕ್ತಿ ಊರು ಸುತ್ತುವುದು ಹೆಣ್ಣಿನ ತಲೆಯ ಮೇಲೆ. ಇನ್ನು ರಾಣೇಬೆನ್ನೂರು, ಹಿರೇಕೆರೂರು, ಕುಮುದ್ವತಿ ದಂಡೆಯ ರಟ್ಟೀಹಳ್ಳಿ ಭಾಗದ ಬೀಜೋತ್ಪಾದನೆಯ ಹೊಲಗಳನ್ನು ನೋಡಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಕೊಟ್ಟರು. ಹತ್ತಿಯ ಹೂವಿನಲ್ಲಿ ಗಂಡುಭಾಗ, ಹೆಣ್ಣುಭಾಗ ಎರಡೂ ಇವೆ. ಸಂಕರಣ ಬೀಜ ಬೇಕಾದರೆ ಹೆಣ್ಣುಸಾಲಿನ ಮೊಗ್ಗಿನಿಂದ ಗಂಡುಭಾಗವನ್ನು ಸಂಜೆ ಉಗುರಿನಿಂದ ಬಿಡಿಸಿ ತೆಗೆಯಬೇಕು, ಮರುದಿನ ಬೆಳಗ್ಗೆ ಗಂಡುಸಾಲಿನ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಜನ ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಒಂದು ಜೀವದ ಲಿಂಗವನ್ನೇ ಬದಲಿಸುವ ಈ ಕೆಲಸ ಯಾವ ವಿದ್ಯಾಧರನ ಮಾಯೆಗೂ ಕಡಿಮೆಯಲ್ಲ; ಇದನ್ನು ಸಾಲು ಸಾಲಾಗಿ ಬಾಗಿ ಮಾಡುವವರಲ್ಲಿ ಹೆಚ್ಚಿನವರು ಕೂಲಿಯ ಹೆಂಗಸರು. ಚೀಲದ ಮೇಲೆ ಅಚ್ಚಾಗುವುದು ತಳಿಯ ಹೆಸರು, ಮಾರುವವರ ಹೆಸರು. ಮಾಯೆಯ ಹಿಂದೆ ಯಾರ ಕೈ ಇದೆ ಎಂದು ಕೇಳುವ ಅಭ್ಯಾಸವನ್ನು ಕಥೆಯಲ್ಲಿ ಕಲಿತವರು ಹೊಲದಲ್ಲೂ ಕೇಳಿಯಾರು.

ಭೋಗಭೂಮಿಯನ್ನು ಕಳೆದುಹೋದ ಸುಖವೆಂದು ಪುರಾಣವೂ ಹಂಬಲಿಸುವುದಿಲ್ಲ. ಅಲ್ಲಿ ವ್ರತವಿಲ್ಲ, ಸಂಯಮವಿಲ್ಲ, ಹಾಗಾಗಿ ಮೋಕ್ಷವೂ ಇಲ್ಲ. ಬಿಡುಗಡೆಯ ದಾರಿ ಇರುವುದು ದುಡಿಯುವ ಕರ್ಮಭೂಮಿಯಲ್ಲೇ ಎಂಬುದು ಅದರ ತೀರ್ಮಾನ. ಆ ತೀರ್ಮಾನವನ್ನು ಒಪ್ಪಿದರೆ ಮರಗಳು ಮತ್ತೆ ಚಿಗುರಲಿ ಎಂದು ಕಾಯಬೇಕಿಲ್ಲ. ಮರ ಕೈಬಿಟ್ಟ ಕೆಲಸವನ್ನು ಯಾರಿಗೆ ಎಷ್ಟು ಹಂಚಿದೆವು ಎಂಬ ಲೆಕ್ಕ ಕೊಡಬೇಕು. ವೃಷಭ ಕುಳಿತು ಬ್ರಾಹ್ಮಿಗೆ ಲಿಪಿಯನ್ನೂ ಸೌಂದರಿಗೆ ಅಂಕಿಯನ್ನೂ ಕಲಿಸಿದನೆಂದು ಪುರಾಣ ಅಕ್ಕರೆಯಿಂದ ಬರೆಯುತ್ತದೆ, ಆ ಹೆಣ್ಣುಮಕ್ಕಳ ಹೆಸರು ಉಳಿದಿವೆ. ಹೊಕ್ಕುಳಬಳ್ಳಿ ಕೊಯ್ಯಲು ಕಲಿಸಿದ ಅರಸನ ಹೆಸರೂ ಉಳಿದಿದೆ. ಅವನು ಕಲಿಸಿದ ಮೇಲೆ ಆ ಬಳ್ಳಿಯನ್ನು ತಲೆಮಾರುಗಳ ಕಾಲ ಕೊಯ್ದು, ಕೂಸನ್ನು ತೊಳೆದು, ಮಾಸನ್ನು ಹೂತು ಬಂದ ಸೂಲಗಿತ್ತಿಗೆ ಹದಿನಾಲ್ಕು ಕುಲಕರರ ಆ ಪಟ್ಟಿಯಲ್ಲಿ ಹೆಸರಿಲ್ಲ.